ಅವರು ಹೇಳುತ್ತಿದ್ದರು, ನಾನು ಮುಟ್ಟುತ್ತಿದ್ದೆ

ನನ್ನ ಗಂಡ ಶಹಾಪುರದಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಿದ್ದರು. ಬಸ್ ನಿಲ್ದಾಣ ದಾಟಿ ಸುರಪುರದ ರಸ್ತೆ ಹಿಡಿದರೆ ಎಡಗಡೆಗೆ ಅವರ ತಗಡಿನ ಶೆಡ್, ಅದರ ಹಿಂದೆ ಎರಡು ಕೋಣೆಯ ನಮ್ಮ ಮನೆ. ಮೊದಮೊದಲು ಟ್ರ್ಯಾಕ್ಟರಿನ ದೀಪ, ಲಾರಿಯ ಹಾರ್ನು, ಜೀಪಿನ ಸೆಲ್ಫ್ ಸ್ಟಾರ್ಟರು ಇಷ್ಟೇ ಅವರ ಕೆಲಸ. ಕಾಲುವೆಯ ನೀರು ಬಂದು ಜೋಳದ ಹೊಲಗಳಲ್ಲಿ ಬತ್ತ ನಿಂತ ಮೇಲೆ ರಸ್ತೆಯಲ್ಲಿ ಕಾರುಗಳು ಹೆಚ್ಚಿದವು. ಇನ್ನೂ ಕೆಲವು ವರ್ಷ ಕಳೆದಾಗ ಗಾಜು ಏರಿಸಿಕೊಂಡು ಓಡಾಡುವ ಎಸಿ ಕಾರುಗಳೂ ಬಂದವು. ಅವರು ಹೈದರಾಬಾದಿಗೆ ಹೋಗಿ, ಒಬ್ಬರ ಕೈಕೆಳಗಿದ್ದು ಎಸಿಯ ಕರೆಂಟಿನ ಕೆಲಸ ಕಲಿತು ಬಂದರು. ನಾನು ಕೊಂಕಲ್ಲಿನಿಂದ ಅವರ ಮನೆಗೆ ಸೊಸೆಯಾಗಿ ಬಂದದ್ದು ಅದೇ ವರ್ಷ.

ಅವರಿಗೆ ಈಜು ಅಂದರೆ ಪ್ರಾಣ. ಸಂಜೆ ಕೆಲಸ ಮುಗಿದ ಕೂಡಲೇ ಮೈಯ ಆಯಿಲ್ ತೊಳೆಯುವ ನೆಪ ಮಾಡಿ ಕಾಲುವೆಗೆ ಹೋಗುತ್ತಿದ್ದರು. ಸೇತುವೆಯ ಕಟ್ಟೆಯ ಮೇಲೆ ನಿಂತು ತಲೆ ಕೆಳಗೆ ಮಾಡಿ ಜಿಗಿಯುತ್ತಿದ್ದರಂತೆ. ನಾನು ನೋಡಿದವಳಲ್ಲ, ಒದ್ದೆ ಕೂದಲಿನಲ್ಲಿ ನಗುತ್ತ ಮನೆಗೆ ಬರುವುದನ್ನು ಮಾತ್ರ ನೋಡಿದ್ದೆ. ಒಂದು ಸಂಜೆ ಮೇಲುಗಡೆ ಗೇಟು ಇಳಿಸಿದ್ದರಿಂದ ಕಾಲುವೆಯಲ್ಲಿ ನೀರು ತಗ್ಗಿತ್ತು. ರಾಡಿ ನೀರು, ತಳ ಕಾಣದು. ಆಳುದ್ದವಿದ್ದರೂ ಮೊಣಕಾಲುದ್ದವಿದ್ದರೂ ಮೇಲಿನಿಂದ ಬಣ್ಣ ಒಂದೇ. ಅವರು ಎಂದಿನಂತೆ ಜಿಗಿದರು. ದಂಡೆಯಲ್ಲಿ ಎತ್ತು ತೊಳೆಯುತ್ತಿದ್ದವರು ಎಳೆದು ತೆಗೆಯದಿದ್ದರೆ ಅಲ್ಲೇ ಮುಗಿಯುತ್ತಿತ್ತು.

ಕುತ್ತಿಗೆಯ ಎಲುಬು ಮುರಿದು ಒಳಗಿನ ನರ ಜಜ್ಜಿತ್ತು. ಕಲಬುರಗಿ, ಆಮೇಲೆ ಸೊಲ್ಲಾಪುರ, ಮತ್ತೆ ಕಲಬುರಗಿ. ಎಲ್ಲ ಸುತ್ತಿ ಮನೆಗೆ ಬಂದಾಗ ಭುಜ ಎತ್ತಬಲ್ಲವರಾಗಿದ್ದರು, ಮೊಣಕೈ ಮಡಚಬಲ್ಲವರಾಗಿದ್ದರು. ಅಂಗೈ, ಬೆರಳು, ಎದೆಯಿಂದ ಕೆಳಗಿನ ಮೈ ಯಾವುದೂ ಅವರ ಮಾತು ಕೇಳುತ್ತಿರಲಿಲ್ಲ. ಮುಟ್ಟಿದರೆ ತಿಳಿಯುತ್ತಿದ್ದದ್ದು ಮುಖ, ಕುತ್ತಿಗೆ, ಭುಜದಲ್ಲಿ ಮಾತ್ರ. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಇನ್ನೊಂದು ಮಾತು ಹೇಳಿದ್ದರು. "ಇವ್ರಿಗೆ ಇನ್ಮೇಲೆ ಮೈ ಬೆವರೋದಿಲ್ಲಮ್ಮ. ನಿಮ್ಮ ಕಡೆ ಬಿಸಿಲು ಬಹಳ. ಬೇಸಿಗೆಯಲ್ಲಿ ಮೈ ಕಾಯ್ದ್ರೆ ತಾನಾಗಿ ತಣ್ಣಗಾಗೋದಿಲ್ಲ, ನೀವೇ ತಣ್ಣಗೆ ಮಾಡ್ಬೇಕು." ಅಂದು ಹೊರಗೆ ಮಳೆ ಬರುತ್ತಿತ್ತು. ಆ ಮಾತು ಎಷ್ಟು ದೊಡ್ಡದೆಂದು ನನಗೆ ಹೊಳೆಯಲಿಲ್ಲ.

ನಮಗೆ ಮಕ್ಕಳಾಗಿರಲಿಲ್ಲ. ಮನೆಯಲ್ಲಿ ನಾವಿಬ್ಬರು, ನನ್ನ ಅತ್ತೆ. ಶೆಡ್ಡಿಗೆ ಬೀಗ ಬಿದ್ದಿತ್ತು. ಕೋಣೆಯಲ್ಲಿ ಗಾಳಿ ಆಡುವುದಿಲ್ಲವೆಂದು ಹಗಲು ಹೊತ್ತು ಅವರ ಹೊರಸನ್ನು ಶೆಡ್ಡಿನ ಬಾಗಿಲ ಮುಂದೆ ಹಾಕುತ್ತಿದ್ದೆ. ರಸ್ತೆಯಲ್ಲಿ ಹೋಗುವ ಗಾಡಿಗಳ ಸದ್ದು ಕೇಳುತ್ತ ಅವರು ಮಲಗಿರುತ್ತಿದ್ದರು. ಒಮ್ಮೊಮ್ಮೆ ಯಾರಿಗೂ ಅಲ್ಲದೆ, "ಆ ಲಾರಿ ಸೆಲ್ಫ್ ಇನ್ನ ಭಾಳ ದಿನ ಬರಂಗಿಲ್ಲ" ಅನ್ನುತ್ತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಸೈದಾಪುರದ ಡ್ರೈವರೊಬ್ಬ ಬಂದ. ರೈಲಿಗೆ ಬಂದವರನ್ನು ಊರೂರಿಗೆ ಬಾಡಿಗೆ ಹೊಡೆಯುತ್ತಿದ್ದ ಅವನು ಇವರ ಹಳೆಯ ಗಿರಾಕಿ. ಆದದ್ದು ಅವನಿಗೆ ಗೊತ್ತಿತ್ತು. ನೋಡಿಕೊಂಡು ಹೋಗಲು ಬಂದಿದ್ದ. ಹೊರಡುವಾಗ ಸುಮ್ಮನೆ, "ಅಣ್ಣಾ, ಎಸಿ ತಂಪ ಕೊಡವಲ್ದು. ಯಾದಗಿರಿಗೆ ಒಯ್ದು ತೋರಸ್ತೀನಿ" ಅಂದ.

ಇವರು ಕಣ್ಣು ಅತ್ತ ತಿರುಗಿಸಿ, "ಫ್ಯಾನ್ ಬೀಸ್ತದೇನು?" ಅಂದರು.

"ಬೀಸ್ತದ. ಬರೀ ಬಿಸಿ ಗಾಳಿ."

"ಗಾಡಿ ಈಕಡಿ ತಗೋ. ನನ್ನ ತಲಿ ಹತ್ರ ಬಾನೆಟ್ ಬರಲಿ." ಆಮೇಲೆ ನನ್ನ ಕಡೆ ನೋಡಿದರು. "ಏ, ಒಳಗ ಗ್ವಾಡಿಗೆ ಟೆಸ್ಟ್ ಲ್ಯಾಂಪ್ ತೂಗಹಾಕೀನಿ. ತಗೊಂಡು ಬಾ."

ಟೆಸ್ಟ್ ಲ್ಯಾಂಪ್ ಅಂದರೆ ಮೊನೆಯಿರುವ ಒಂದು ಕಡ್ಡಿ, ಅದರ ಹಿಡಿಯೊಳಗೆ ಪುಟ್ಟ ಬಲ್ಬು, ಹಿಂದೆ ಒಂದು ವೈರು, ವೈರಿನ ತುದಿಗೆ ಚಿಮಟ. ಬೀಗ ತೆಗೆದು, ತಂದು ಅವರ ಕೈಯ ಬಳಿ ಹಿಡಿದೆ, ಕೊಡುವವಳ ಹಾಗೆ. ಇಬ್ಬರೂ ಆ ಕೈಯನ್ನು ನೋಡಿದೆವು. "ನೀನಾ ಹಿಡಿ" ಅಂದರು. "ಮೊದಲ ಸೆರಗ ಸೊಂಟಕ್ಕ ಸಿಗಿಸು. ಬೆಲ್ಟ್ ಎಳಕೊಂಡು ಹೋಗ್ತದ."

ಡ್ರೈವರ್ ಎಂಜಿನ್ ಚಾಲೂ ಮಾಡಿ ಎಸಿ ಬಟನ್ ಒತ್ತಿದ. ಇವರು ಹೊರಸಿನ ಮೇಲಿಂದ ಹೇಳತೊಡಗಿದರು. "ಕೆಳಗ ಕಂಪ್ರೆಸರ್ ಅದ. ಅದರ ಮುಂದ ಪುಲಿ. ಅದು ಬೆಲ್ಟಿನ ಜೋಡಿ ಯಾವಾಗ್ಲೂ ತಿರಗ್ತದ, ಅದನ್ನ ಬಿಡು. ಪುಲಿ ಮುಂದ ಸಣ್ಣ ತಾಟಿನಂಗ ಒಂದು ಅದ ನೋಡು. ಅದು ತಿರಗಾಕತ್ತದೇನು?"

"ಇಲ್ರಿ. ಸುಮ್ಮ ನಿಂತದ."

"ಹಂಗಾದ್ರ ಕ್ಲಚ್ ಹಿಡಿದಿಲ್ಲ."

ಪುಲಿಯ ಹಿಂದೆ ತಾಮ್ರದ ತಂತಿಯ ಸುರುಳಿಯೊಂದು ಇರುತ್ತದೆ, ಅದನ್ನು ಕಾಯಿಲ್ ಅನ್ನುತ್ತಾರೆ. ಕರೆಂಟು ಬಂದರೆ ಅದು ಅಯಸ್ಕಾಂತವಾಗಿ ಆ ತಾಟನ್ನು ಪುಲಿಗೆ ಎಳೆದು ಅಂಟಿಸುತ್ತದೆ. ಕ್ಲಚ್ ಹಿಡಿಯುವುದೆಂದರೆ ಇದೇ; ಆಗ ಟಕ್ ಅಂತ ಒಂದು ಸದ್ದು. ಆ ಸದ್ದು ಬಂದರೆ ಕಂಪ್ರೆಸರ್ ತಿರುಗಿ ಕಾರು ತಂಪಾಗುತ್ತದೆ, ಬರದಿದ್ದರೆ ಇಲ್ಲ. ಇದಷ್ಟನ್ನೂ ನಾನು ಅಂದೇ ತಿಳಿದುಕೊಂಡೆ. ಅವರು ಹೇಳಿದಂತೆ ಚಿಮಟವನ್ನು ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿ, ಕಡ್ಡಿಯ ಮೊನೆಯನ್ನು ಕಾಯಿಲಿಗೆ ಹೋಗುವ ವೈರಿನ ಜೋಡಣೆಗೆ ಚುಚ್ಚಿದೆ. ನನ್ನ ಅಂಗೈಯೊಳಗೆ ಬಲ್ಬು ಹತ್ತಿತು.

"ಲೈಟ್ ಬಂತ್ರಿ!"

"ಬಂತಲ್ಲ? ಅಂದ್ರ ಕರೆಂಟ್ ಕ್ಲಚ್ ತನಕ ಬಂದದ. ಫ್ಯೂಜು, ರಿಲೇ, ಸ್ವಿಚ್ಚು ಎಲ್ಲಾ ನೆಟ್ಟಗ ಅವ. ಇನ್ನ ಅದು ಹೊಳ್ಳಿ ಹೋಗೋ ದಾರಿ ನೋಡು. ಚಿಮಟ ಬ್ಯಾಟರಿ ಪ್ಲಸ್ಸಿಗೆ ಹಾಕು. ಅಲ್ಲೇ ಕರಿ ವೈರ್ ಒಂದು ಬೋಲ್ಟಿಗೆ ಕಟ್ಯಾರ ನೋಡು, ಅದರ ತುದಿಗೆ ಹಚ್ಚು."

ಹಚ್ಚಿದೆ. ಬಲ್ಬು ಹತ್ತಲಿಲ್ಲ. ಬಗ್ಗಿ ನೋಡಿದರೆ ಬೋಲ್ಟಿನ ಸುತ್ತ ಹಸಿರು ಕಿಲುಬು ಗಟ್ಟಿಯಾಗಿ ಕೂತಿತ್ತು. ಅವರು ಹೇಳಿದ ಅಳತೆಯ ಪಾನಾ ಹುಡುಕಿ ಬಿಚ್ಚಿ, ಉಸುಕಿನ ಕಾಗದದಲ್ಲಿ ಉಜ್ಜಿ ಮತ್ತೆ ಬಿಗಿದೆ. ಡ್ರೈವರ್ ಬಟನ್ ಒತ್ತಿದ. ಟಕ್!

ತಾಟು ತಿರುಗಿತು. ನಾನು ನಗುತ್ತ ಹಿಂದಿರುಗಿ ನೋಡಿದೆ. ಇವರು ಮುಖವನ್ನು ಗೋಡೆಯ ಕಡೆ ಹೊರಳಿಸಿಕೊಂಡಿದ್ದರು. ಕಣ್ಣೀರು ಒರೆಸಿಕೊಳ್ಳಲೂ ಅವರಿಗೆ ನನ್ನ ಕೈಯೇ ಬೇಕಿತ್ತು. ಆದರೆ ಡ್ರೈವರ್ ಮುಂದೆ ಒರೆಸಲು ಹೋಗುವುದು ಸರಿಯಲ್ಲವೆನ್ನಿಸಿ ನಾನು ಪಾನಾಗಳನ್ನು ಎತ್ತಿಡುತ್ತ ನಿಂತೆ.

ಹೀಗೆ ಶೆಡ್ಡಿನ ಬೀಗ ತೆರೆಯಿತು. ಹೊಲಕ್ಕೆ ಹೋಗುವ ಹೆಂಗಸರು ಹಾಕಿಕೊಳ್ಳುವಂತೆ ನಾನೂ ಸೀರೆಯ ಮೇಲೆ ಅವರ ತುಂಬುತೋಳಿನ ಅಂಗಿ ಹಾಕಿಕೊಂಡು ಕೆಲಸಕ್ಕೆ ನಿಂತೆ. ಅತ್ತೆಗೆ ಇದು ಸೇರಲಿಲ್ಲ. "ನನ್ನ ಮಗ ಜೀವಂತ ಇದ್ದಾಗಲೇ ಅವನ ಅಂಗಿ ತೊಟ್ಟು ರಸ್ತಾದಾಗ ನಿಂತಾಳ" ಎಂದು ಓಣಿಯವರ ಮುಂದೆ ಅನ್ನುತ್ತಿದ್ದಳು. ಬಂದ ಡ್ರೈವರುಗಳಲ್ಲಿ ಕೆಲವರು ನನ್ನನ್ನು ನೋಡಿ ಗಾಡಿ ತಿರುಗಿಸಿಕೊಂಡು ಹೋದದ್ದೂ ಉಂಟು.

ಅವರನ್ನು ನಿಲ್ಲಿಸಿದವರು ಪಕ್ಕದ ಶೆಡ್ಡಿನ ಚಾಚಾ. ಎಸಿಗೆ ಗ್ಯಾಸ್ ತುಂಬುವ ಕೆಲಸ ಅವರದು. ನನ್ನ ಗಂಡನಿಗಿಂತ ಬಹಳ ಹಿರಿಯರು. ತಂಪಿಲ್ಲ ಅಂದ ಕೂಡಲೇ ಎಲ್ಲರೂ ಗ್ಯಾಸ್ ಹೋಗಿದೆಯೆಂದು ಅವರ ಬಳಿಗೇ ಓಡುತ್ತಿದ್ದರು. ಚಾಚಾ ಗ್ಯಾಸ್ ಅಳೆಯುವ ಗೇಜು ಹಚ್ಚಿ ನೋಡಿ, ಸುಮ್ಮನೆ ಗ್ಯಾಸ್ ತುಂಬದೆ, ರಸ್ತೆಗೆ ಕೇಳುವಂತೆ ಕೂಗುತ್ತಿದ್ದರು. "ಗ್ಯಾಸ್ ಪೂರಾ ಅದ ಬೇಟಿ, ಕರೆಂಟ್ ಇಲ್ಲ! ಕಳಸಾಕತ್ತೀನಿ ನೋಡು!" ಹಾಗೆ ಕಳಿಸಿದ ಗಾಡಿಗಳಿಂದಲೇ ನಮ್ಮ ಒಲೆ ಉರಿಯಿತು.

ನಾನು ಪ್ರತಿಯೊಂದನ್ನೂ ಮುಟ್ಟಿ, ನೋಡಿ, ಕೂಗಿ ಹೇಳಬೇಕು. ಅವರು ಕಣ್ಣು ಮುಚ್ಚಿ ಕೇಳಿ ಮುಂದಿನದನ್ನು ಹೇಳಬೇಕು. ನನಗೆ ಹೆಸರು ತಿಳಿಯದ ವಸ್ತು ಸಿಕ್ಕರೆ ಜಗಳ. "ಕಣ್ಣಿಲ್ಲೇನು ನಿನಗ? ಕೆಂಪು ಅಂದ್ರ ಕೆಂಪು!" ಎಂದು ಗಿರಾಕಿಯ ಎದುರಿಗೇ ಬಯ್ಯುತ್ತಿದ್ದರು. ಮೊದಲು ಹೀಗೆ ಬಯ್ದವರಲ್ಲ. ಒಮ್ಮೆ ನಾನೂ ಲ್ಯಾಂಪ್ ಬಾನೆಟ್ಟಿನ ಮೇಲಿಟ್ಟು ಒಳಗೆ ಹೋಗಿ ಕೂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಸಣ್ಣ ದನಿ ಬಂತು. "ಏ, ಮೂಗಿನ ಮ್ಯಾಲ ನೊಣ ಕುಂತದ." ಎದ್ದು ಹೋಗಿ ನೊಣ ಓಡಿಸಿದೆ. ಲ್ಯಾಂಪ್ ಎತ್ತಿಕೊಂಡೆ.

ಒಂದು ಸಲ ತಮ್ಮ ಅಂಗೈಗೆ ಲ್ಯಾಂಪನ್ನು ಬಟ್ಟೆಯಿಂದ ಕಟ್ಟೆಂದು ಹಟ ಹಿಡಿದರು. ಕಟ್ಟಿದೆ. ಭುಜದ ಬಲದಿಂದ ಕೈ ಎತ್ತಿ, ನಾನು ಹಿಡಿದ ವೈರಿನ ತುದಿಗೆ ಮೊನೆ ತಾಗಿಸಲು ಬಹಳ ಹೊತ್ತು ಪ್ರಯತ್ನಪಟ್ಟರು. ಮೊನೆ ಅತ್ತಿತ್ತ ಅಲೆದು ನನ್ನ ಮುಂಗೈಗೆ ಚುಚ್ಚಿತು. ರಕ್ತ ನೋಡಿ ಅವರು, "ಬಿಚ್ಚು" ಅಂದರು. ಮತ್ತೆಂದೂ ಆ ಮಾತು ತೆಗೆಯಲಿಲ್ಲ.

ಬಿಸಿಯ ವಿಷಯವೇ ಎಲ್ಲಕ್ಕಿಂತ ಕಷ್ಟವಾಗಿತ್ತು. ರಿಲೇ ಆಗಲಿ, ಕಾಯಿಲ್ ಆಗಲಿ, ವೈರಿನ ಜೋಡಣೆಯಾಗಲಿ ಎಷ್ಟು ಬಿಸಿಯಿದೆ ಎಂಬುದರಿಂದ ಅವರು ಬಹಳಷ್ಟು ತಿಳಿಯುತ್ತಿದ್ದರು. "ಬಿಸಿ ಅದರಿ" ಅಂದರೆ, "ಎಷ್ಟು?" ಅನ್ನುವರು. "ಭಾಳ" ಅಂದರೆ ಸಿಟ್ಟು. ಒಂದು ದಿನ ನಾನು ರಿಲೇಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಅದೇ ಅಂಗೈಯನ್ನು ತಂದು ಅವರ ಕೆನ್ನೆಗೆ ಒತ್ತಿದೆ. "ಇಷ್ಟು." ಅವರು ಕಣ್ಣು ಮುಚ್ಚಿದರು. ಕೈಯ ಬಿಸಿ ಆರಿದ ಮೇಲೂ ತೆಗೆ ಅನ್ನಲಿಲ್ಲ. ಗಾಡಿಯವನು ಬೀಡಿ ಹಚ್ಚುವ ನೆವದಲ್ಲಿ ರಸ್ತೆಯ ಕಡೆ ಹೊರಳಿದ. ಬಾಗಿಲಲ್ಲಿ ನಿಂತು ನೋಡಿದ ಅತ್ತೆ ಒಳಗೆ ಹೋದಳು. ಅಂದಿನಿಂದ ಅಂಗಿಯ ಮಾತನ್ನು ಅವಳು ಆಡಲಿಲ್ಲ.

ಆಮೇಲೆ ಬೇಸಿಗೆ ಬಂತು. ಡಾಕ್ಟರ ಮಾತು ಆಗ ತಿಳಿಯಿತು. ಮಧ್ಯಾಹ್ನವಾಗುತ್ತಲೇ ತಗಡು ಕಾದು, ಕೋಣೆಯೂ ಕಾದು, ಅವರ ಹಣೆ ಕೆಂಪಾಗಿ ಒಣಗಿದ ಹೆಂಚಿನಂತಾಗುತ್ತಿತ್ತು. ಒಂದು ಹನಿ ಬೆವರಿಲ್ಲ. ಒದ್ದೆ ಟವೆಲು ಹೊದಿಸಿ ಬೀಸಣಿಗೆ ಬೀಸಿದರೆ ಟವೆಲೇ ಒಣಗುತ್ತಿತ್ತು. ತಲೆ ಸಿಡಿಯುತ್ತದೆ ಅನ್ನುವರು, ಅರ್ಧ ಮಾತಿನಲ್ಲಿ ಬೇರೇನೋ ಬಡಬಡಿಸುವರು. ಊರಿನ ಕಾರುಗಳನ್ನೆಲ್ಲ ತಂಪು ಮಾಡಿ ಕಳಿಸುವ ಮನೆಯಲ್ಲಿ ಇವರೊಬ್ಬರು ಬೇಯುತ್ತಿದ್ದರು.

ಅದಕ್ಕೊಂದು ದಾರಿ ಹುಡುಕಿದವರೂ ಚಾಚಾ. ಒಂದು ಮಧ್ಯಾಹ್ನ ರಿಪೇರಿ ಮುಗಿದ ಕಾರಿನ ಡ್ರೈವರನ್ನು ತಡೆದು, "ಎಲ್ಲಿ ಹೊಂಟಿ? ಟ್ರಯಲ್ ಆಗಿಲ್ಲ. ಎಸಿ ಕೆಲಸ ಅಂದ ಮ್ಯಾಲ ಮೇಸ್ತ್ರಿ ಒಳಗ ಕುಂತು ನೋಡಬೇಕು" ಅಂದರು. ಡ್ರೈವರ್ ಒಮ್ಮೆ ಹೊರಸನ್ನು ನೋಡಿದ, ಒಮ್ಮೆ ಚಾಚಾನನ್ನು ನೋಡಿದ, ಕಾರಿನ ಬಾಗಿಲು ತೆರೆದ. ಇಬ್ಬರೂ ಸೇರಿ ಇವರನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ, ಬೀಳದಂತೆ ಟವೆಲಿನಿಂದ ಕಟ್ಟಿದರು. ನಾನು ಹಿಂದೆ ಕುಳಿತು ಅವರ ತಲೆ ಹಿಡಿದುಕೊಂಡೆ. "ಯಾದಗಿರಿ ಕಡಿ ನಡಿ. ಕಾಲುವಿ ಕಡಿ ಬ್ಯಾಡ" ಅಂದರು ಇವರು. ಗಾಜು ಏರಿಸಿಕೊಂಡು ಒಂದಷ್ಟು ದೂರ ಹೋಗಿ ಬಂದೆವು. ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತಿದ್ದಂತೆ ಅವರ ಹಣೆಯ ಕೆಂಪು ಇಳಿಯಿತು. ಮನೆಗೆ ಬಂದ ಮೇಲೆ ಅನ್ನ ಉಂಡರು.

ಅಲ್ಲಿಂದ ಅದೇ ರೂಢಿಯಾಯಿತು. ಬೇಸಿಗೆಯಲ್ಲಿ ಸೈದಾಪುರದ ಡ್ರೈವರ್ ಏನೂ ಕೆಟ್ಟಿಲ್ಲದಿದ್ದರೂ ನಮ್ಮ ಕಡೆ ಬಾಡಿಗೆ ಬಂದಾಗ ಗಾಡಿ ನಿಲ್ಲಿಸಿ, "ಅಣ್ಣಾ, ಏನೋ ಸದ್ದು ಬರಾಕತ್ತದ, ಒಂದು ಟ್ರಯಲ್ ನೋಡ್ರಿ" ಅನ್ನುತ್ತಿದ್ದ. ಅದು ನೆವವೆಂದು ಇವರಿಗೆ ಗೊತ್ತಿತ್ತು. ಇವರಿಗೆ ಗೊತ್ತೆಂದು ಅವನಿಗೂ ಗೊತ್ತಿತ್ತು. ಆದರೂ ದಾರಿಯುದ್ದಕ್ಕೂ ಗಂಭೀರವಾಗಿ ಕಿವಿಗೊಟ್ಟು, "ಏನಿಲ್ಲ, ಬೆಲ್ಟ್ ಸ್ವಲ್ಪ ಸಡಿಲ ಅದ" ಎಂದು ಏನಾದರೊಂದು ಹೇಳುತ್ತಿದ್ದರು.

ಇನ್ನೊಂದು ಬೇಸಿಗೆಯಲ್ಲಿ ಕಕ್ಕೇರಾದ ಶಾಲೆಯ ಮೇಷ್ಟ್ರೊಬ್ಬರು ಒಂದು ಹಳೆಯ ಬಿಳಿ ಕಾರು ತಂದರು. ಬೆಳಿಗ್ಗೆ ಎಸಿ ಚೆನ್ನಾಗಿ ಓಡುತ್ತದೆ, ಬಿಸಿಲು ಏರಿದ ಮೇಲೆ ದಾರಿಯಲ್ಲಿ ತಾನಾಗಿ ನಿಲ್ಲುತ್ತದೆ, ಮೆಕ್ಯಾನಿಕ್ ಬಳಿ ಹೋಗುವುದರೊಳಗೆ ಆರಿ ಮತ್ತೆ ಸರಿಯಾಗಿರುತ್ತದೆ. ಎರಡು ಕಡೆ ತೋರಿಸಿದ್ದರು. ರಿಲೇ ಬದಲಾಗಿತ್ತು, ಸ್ವಿಚ್ಚು ಬದಲಾಗಿತ್ತು, ಗ್ಯಾಸೂ ಹೊಸದು. ನಮ್ಮ ಶೆಡ್ಡಿನಲ್ಲಿಯೂ ಬಾನೆಟ್ ತೆಗೆದರೆ ಎಲ್ಲ ಕಡೆ ಲ್ಯಾಂಪ್ ಹತ್ತಿತು, ಟಕ್ ಅಂತ ಕ್ಲಚ್ ಹಿಡಿಯಿತು.

"ಇಂಥಾದು ನಿಂತಾಗ್ಲೇ ಹಿಡೀಬೇಕ್ರಿ" ಅಂದರು ಇವರು. "ನೀವು ಊರಿಗಿ ಹೋಗೋವಾಗ ನಾವೂ ಬರ್ತೀವಿ. ದಾರ್‍ಯಾಗ ನಿಲ್ಲಲಿ."

ನಾನು ಬೇಡವೆಂದೆ. ಬಿಸಿಲಿನಲ್ಲಿ ಅಷ್ಟು ದೂರ, ಎಸಿ ನಿಂತರೆ ಏನು ಗತಿ? ಅವರು ನನ್ನನ್ನೇ ನೋಡುತ್ತ, "ಎಷ್ಟು ದಿನ ಆತು, ನಾ ಒಂದು ಕೆಲಸದ ಮ್ಯಾಲ ಊರು ಬಿಟ್ಟು ಹೋಗಿ?" ಅಂದರು. ನಾನು ಒಳಗಿನಿಂದ ಕರೆಂಟು ಅಳೆಯುವ ಮೀಟರು ತಂದೆ.

ಕ್ಲಚ್ಚಿನ ಜೋಡಣೆಯಿಂದ ಎರಡು ಉದ್ದ ವೈರನ್ನು ಕಿಟಕಿಯ ಸಂದಿಯಿಂದ ಒಳಕ್ಕೆ ಎಳೆದು ಮೀಟರಿಗೆ ಹಚ್ಚಿಕೊಂಡೆ. ಮೀಟರು ನನ್ನ ತೊಡೆಯ ಮೇಲೆ, ಇವರು ಮುಂದಿನ ಸೀಟಿನಲ್ಲಿ, ಮೇಷ್ಟ್ರು ಸ್ಟಿಯರಿಂಗ್ ಹಿಡಿದು. ಸುರಪುರ ದಾಟುವವರೆಗೂ ಒಳಗೆ ತಂಪು. ಇವರು ಮಾತಾಡುತ್ತಲೇ ಇದ್ದರು. ಇಲ್ಲೊಂದು ಡಾಬಾ ಇತ್ತು, ಈ ಬೆಟ್ಟದ ಬುಡದಲ್ಲಿ ಒಮ್ಮೆ ಲಾರಿ ನಿಂತಿತ್ತು, ಹೀಗೆ. ಅವರು ಅಷ್ಟು ಖುಷಿಯಾಗಿ ಮಾತಾಡಿದ್ದನ್ನು ಕೇಳಿ ಬಹಳ ಕಾಲವಾಗಿತ್ತು. ಕಕ್ಕೇರಾದ ರಸ್ತೆಗೆ ಬಿದ್ದು ಸ್ವಲ್ಪ ಹೊತ್ತಾಗಿರಬೇಕು, ಗಾಳಿ ಬಿಸಿಯಾಯಿತು.

"ಮೀಟರ್!" ಅಂದರು.

"ಹದಿಮೂರು ವೋಲ್ಟಿನ ಮ್ಯಾಲ ನಿಂತದ್ರಿ. ಇಳಿದಿಲ್ಲ."

"ಕರೆಂಟ್ ಬರಾಕತ್ತದ. ಅದಾ ಹಿಡೀವಲ್ದು. ಗಾಡಿ ನಿಲ್ಲಸ್ರಿ ಸರ್. ಏ, ಲಗೂನ ಇಳಿ, ಆರೋದ್ರಾಗ ನೋಡಬೇಕು."

ಇಳಿದು ಜೋಡಣೆ ಬಿಚ್ಚಿ ಮೀಟರಿನ ಕಡ್ಡಿಗಳನ್ನು ಕಾಯಿಲಿನ ಎರಡು ತುದಿಗೆ ಹಿಡಿದೆ. ಒಳ್ಳೆಯ ಕಾಯಿಲಾದರೆ ಮೂರೋ ನಾಲ್ಕೋ ಓಮ್ ತೋರಿಸಬೇಕು. ಮೀಟರು ಏನೂ ತೋರಿಸಲಿಲ್ಲ. ಹಾಗೆಯೇ ಹಿಡಿದುಕೊಂಡು ಕೂತೆ. ನೆತ್ತಿಯ ಮೇಲೆ ಬಿಸಿಲು. ಬಹಳ ಹೊತ್ತಿನ ಮೇಲೆ ಅಂಕಿ ನಡುಗುತ್ತ ಮೂಡಿತು.

"ಈಗ ಬಂತ್ರಿ."

"ಸಿಕ್ತು" ಅಂದರು. ಅವರ ದನಿ ಸಣ್ಣಗಾಗಿತ್ತು. "ಕಾಯಿಲಿನ ಒಳಗ ತಂತಿ ಎಲ್ಲೋ ಬಿಟ್ಟದ್ರಿ ಸರ್. ಕಾದ್ರ ಅಗಲ್ತದ, ಆರಿದ್ರ ಕೂಡ್ತದ. ಕಾಯಿಲ್ ಹೊಸಾದಾ ಹಾಕಬೇಕು."

ಹೊಸ ಕಾಯಿಲು ಅಲ್ಲಿ ಎಲ್ಲಿಂದ ಬರಬೇಕು? ಗಾಡಿ ತಿರುಗಿಸಿದೆವು. ಮೇಷ್ಟ್ರು ಬಟನ್ ಒತ್ತಿ ನೋಡಿದರು, ಎಸಿ ಸ್ವಲ್ಪ ದೂರ ಹಿಡಿದು ಮತ್ತೆ ಬಿಟ್ಟಿತು. ಗಾಜು ಇಳಿಸಿದರೆ ಒಲೆಯ ಬಾಯಿಯಂಥ ಗಾಳಿ. ಇವರು ಮಾತು ನಿಲ್ಲಿಸಿದರು. ಕೈಯಿಟ್ಟು ನೋಡಿದೆ, ಹಣೆ ಸುಡುತ್ತಿತ್ತು. ಬಾಟಲಿಯ ನೀರೆಲ್ಲ ಅವರ ತಲೆಗೆ ಸುರಿದು ಖಾಲಿಯಾಯಿತು. ಮೇಷ್ಟ್ರು ಹೆದರಿ, "ಸುರಪುರ ದವಾಖಾನಿಗಿ ಹೊಡೀತೀನ್ರಿ" ಎಂದು ವೇಗ ಹೆಚ್ಚಿಸಿದರು. ಅಷ್ಟರಲ್ಲಿ ಇವರು ಕಣ್ಣು ತೆರೆದು, "ಕಾಲುವಿ ಬಂತೇನು?" ಅಂದರು.

ಮುಂದೆ ಅದೇ ಕಾಲುವೆಯ ಇನ್ನೊಂದು ಸೇತುವೆ ಕಾಣುತ್ತಿತ್ತು. ನೀರು ಬಿಡುವುದನ್ನು ಇನ್ನೂ ನಿಲ್ಲಿಸಿರಲಿಲ್ಲ, ದಂಡೆಯ ತುಂಬ ಹರಿಯುತ್ತಿತ್ತು.

"ಅಲ್ಲಿ ಇಳಸು" ಅಂದರು.

ಮೇಷ್ಟ್ರೂ ನಾನೂ ಅವರನ್ನು ಎತ್ತಿಕೊಂಡು ಹೋಗಿ ದಂಡೆಯ ಜಾಲಿಯ ನೆರಳಿನಲ್ಲಿ ಮಲಗಿಸಿದೆವು. ಡಿಕ್ಕಿಯಲ್ಲಿದ್ದ ಖಾಲಿ ಡಬ್ಬಿಯಲ್ಲಿ ಮೊಗೆಮೊಗೆದು ತಂದು ತಲೆಗೆ, ಎದೆಗೆ, ಕಂಕುಳಿಗೆ ಸುರಿದೆ. ಅದೇ ರಾಡಿ ನೀರು. ಅಷ್ಟು ದಿನ ನಾನು ಆ ನೀರಿನ ಕಡೆ ಮುಖ ಮಾಡಿರಲಿಲ್ಲ. ಸಂಬಂಧಿಕರ ಹೊಲಕ್ಕೆ ಹೋದರೂ ಕಾಲುವೆ ಬಂದಾಗ ಸೆರಗು ಅಡ್ಡ ಹಿಡಿದು ದಾಟಿದವಳು. ಈಗ ಅದರಲ್ಲೇ ಮಂಡಿಯವರೆಗೆ ಇಳಿದು ಡಬ್ಬಿ ತುಂಬುತ್ತಿದ್ದೆ.

"ಇನ್ನೊಂದು ಡಬ್ಬಿ" ಅನ್ನುತ್ತಿದ್ದರು. "ಇನ್ನೊಂದು."

ಉಸಿರು ಹದಕ್ಕೆ ಬಂದಿತು. ಮೇಷ್ಟ್ರು ರಸ್ತೆಗೆ ಹೋಗಿ ಬೇರೆ ಗಾಡಿ ಸಿಗುತ್ತದೋ ಎಂದು ನೋಡುತ್ತ ನಿಂತರು. ಇವರು ನೀರಿನ ಕಡೆ ತಲೆ ಹೊರಳಿಸಲು ಹೇಳಿದರು. ಹೊರಳಿಸಿದೆ.

"ನಿನಗ ಈಜು ಕಲಸಬೇಕಂತ ಮಾಡಿದ್ದೆ" ಅಂದರು.

"ಯಾವಾಗ್ರಿ?"

"ನಾ ಬಿದ್ದ ವರ್ಷಾನ. ನಿನಗ ಹೇಳಿರಲಿಲ್ಲ. ನಾಚ್ತೀ ಅಂತ, ಯಾರೂ ಇಲ್ಲದ ಜಾಗ ನೋಡಿಟ್ಟಿದ್ದೆ."

ನಾನು ಡಬ್ಬಿ ಎತ್ತಿಕೊಂಡು ಮತ್ತೆ ನೀರಿಗೆ ಇಳಿದೆ. ಅಲ್ಲಿ ಬೆನ್ನು ಮಾಡಿ ನಿಂತು, ಸದ್ದು ಕೇಳಿಸದಂತೆ, ಸಾಕಾಗುವಷ್ಟು ಅತ್ತೆ.

ಮೇಷ್ಟ್ರು ಒಂದು ಟೆಂಪೋ ನಿಲ್ಲಿಸಿದರು. ಅದರಲ್ಲಿ ಒದ್ದೆ ಗೋಣಿಚೀಲ ಹಾಸಿ ಇವರನ್ನು ಮನೆಗೆ ತಂದೆವು. ಕೆಲವು ದಿನ ಜ್ವರ ಕಾಯಿತು, ಇಳಿಯಿತು. ಚಾಚಾನ ಅಳಿಯ ಹೈದರಾಬಾದಿನಿಂದ ಕಾಯಿಲು ತಂದುಕೊಟ್ಟ. ಮೇಷ್ಟ್ರ ಕಾರಿನ ತಾಟು ಬಿಚ್ಚಿ, ಪುಲಿ ಎಳೆದು, ಹಳೆಯ ಕಾಯಿಲು ತೆಗೆದು ಹೊಸದು ಕೂರಿಸಿದೆ. ತಾಟಿಗೂ ಪುಲಿಗೂ ನಡುವೆ ಎಷ್ಟು ಸಂದಿ ಇರಬೇಕೆಂದು ಕೇಳಿದರೆ, "ಲಗ್ನಪತ್ರಿಕಿ ಕಾಗದ ಹಾಕಿ ನೋಡು. ಎಲ್ಲಾ ಕಡಿ ಬಿಗಿಯಾಗಿ ತೂರಬೇಕು" ಅಂದರು. ಅತ್ತೆ ಒಳಗಿನಿಂದ ಯಾರದೋ ಲಗ್ನಪತ್ರಿಕೆ ತಂದುಕೊಟ್ಟಳು. ಬಾಗಿ ನಿಂತು ನಾನು ಮಾಡುವುದನ್ನೆಲ್ಲ ನೋಡಿದಳು. ಮೇಷ್ಟ್ರು ಕಾರು ಒಯ್ಯಲು ಬಂದ ದಿನ ಇವರ ಹೊರಸಿನ ಬಳಿ ಬಹಳ ಹೊತ್ತು ಕೂತು ಹೋದರು. ಎಸಿ ಮತ್ತೆ ಕೆಡಲಿಲ್ಲ.

ಬೇಸಿಗೆ ಕಳೆಯಿತಲ್ಲ, ಇನ್ನು ಹೆದರಿಕೆಯಿಲ್ಲ ಎಂದು ನಾನು ನಿರಾಳವಾಗಿದ್ದೆ. ಮಳೆ ಹಿಡಿದು ತಗಡು ತಣ್ಣಗಾಯಿತು. ಆಗ ಮಲಗಿ ಮಲಗಿ ಅವರ ಸೊಂಟಕ್ಕೆ ಆಗಿದ್ದ ಹುಣ್ಣು ಹೆಚ್ಚಾಯಿತು, ಮೂತ್ರದಲ್ಲಿ ಕೀವು ಬರತೊಡಗಿತು. ಶಹಾಪುರದಲ್ಲಿ ಕೊಟ್ಟ ಇಂಜೆಕ್ಷನ್ ಹತ್ತಲಿಲ್ಲ. ಕಲಬುರಗಿಗೆ ಒಯ್ಯಿರಿ ಅಂದರು. ಸೈದಾಪುರದ ಡ್ರೈವರ್ ಸುದ್ದಿ ಕೇಳಿ ತಾನೇ ಕಾರು ತಂದ. ಹಿಂದಿನ ಸೀಟಿನಲ್ಲಿ ಇವರ ತಲೆ ನನ್ನ ತೊಡೆಯ ಮೇಲಿತ್ತು. ಅತ್ತೆ ಮುಂದೆ ಕೂತು ತಿರುತಿರುಗಿ ನೋಡುತ್ತಿದ್ದಳು. ಜಿಟಿಜಿಟಿ ಮಳೆ. ಗಾಜಿಗೆ ಹಬೆ ಕಟ್ಟಿ ದಾರಿ ಕಾಣದೆ ಡ್ರೈವರ್ ಎಸಿ ಹಾಕಿದ.

ಇವರಿಗೆ ಎಚ್ಚರವಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅರ್ಧ ದಾರಿ ಮುಗಿದಿರಬೇಕು. ತುಟಿ ಆಡಿದಂತಾಗಿ ಕಿವಿ ಹತ್ತಿರ ಒಯ್ದೆ.

"ಕ್ಲಚ್ ಭಾಳ ಲಗೂಲಗೂ ಬಿಡಾಕತ್ತದ" ಅಂದರು. "ಹಿಡೀತದ, ಬಿಡ್ತದ. ಕೇಳಸ್ತದೇನು?"

ಮಳೆಯ ಸದ್ದಿನಲ್ಲಿ ನನಗೇನೂ ಕೇಳಿಸುತ್ತಿರಲಿಲ್ಲ. "ಹೌದ್ರಿ, ಕೇಳಸ್ತದ" ಅಂದೆ.

"ಕರೆಂಟ್ ಅಲ್ಲ ಅದು. ಗ್ಯಾಸ್ ಕಮ್ಮಿ ಆಗ್ಯದ. ಚಾಚಾನ ಕಡಿ ಹೋಗಂತ ಹೇಳು ಅವನಿಗಿ."

ಹೇಳಿದೆ. ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ನೋಡಿ, "ಆಯ್ತಣ್ಣ, ಹೋಗ್ತೀನಿ" ಅಂದ. ಆಮೇಲೆ ಅವರು ನನ್ನೊಡನೆ ಮಾತಾಡಲಿಲ್ಲ. ಆಸ್ಪತ್ರೆಯಲ್ಲಿ ಮರುದಿನ ಬೆಳಕು ಹರಿದ ಮೇಲೆ ತೀರಿಕೊಂಡರು. ನಾನು ಹೆದರಿದ್ದ ನೀರು, ಬಿಸಿಲು, ಬಿಸಿಗಾಳಿ ಯಾವುದೂ ಅಲ್ಲ. ತಣ್ಣನೆಯ ಒಂದು ಬೆಳಿಗ್ಗೆ, ಕಂಬಳಿ ಹೊದ್ದು ಮಲಗಿದ್ದಾಗ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಕೊಂಕಲ್ಲಿನಿಂದ ನನ್ನ ಅಣ್ಣಂದಿರು ಬಂದು, ನನ್ನನ್ನು ತವರಿಗೆ ಕರೆದೊಯ್ಯುತ್ತೇವೆ ಅಂದರು. ಶೆಡ್ಡನ್ನು ಯಾರಿಗಾದರೂ ಬಾಡಿಗೆಗೆ ಕೊಡುವ ಮಾತೂ ಬಂತು. ಹೋಗಬೇಕೋ ಇರಬೇಕೋ ನನಗೆ ತಿಳಿದಿರಲಿಲ್ಲ. ಒಲೆಯ ಮುಂದಿದ್ದ ಅತ್ತೆ ಎದ್ದು ಬಂದು ನಡುಬಾಗಿಲಲ್ಲಿ ನಿಂತಳು.

"ಎಲ್ಲಿಗಿ ಒಯ್ತೀರಿ ಆಕಿನ್ನ? ನನ್ನ ಮಗ ತನ್ನ ಕಸಬು ಪೂರಾ ಆಕಿ ಕೈಯಾಗ ಇಟ್ಟು ಹೋಗ್ಯಾನ. ಆಕಿನ್ನ ಒಯ್ದ್ರ ನನಗವನದು ಏನು ಉಳೀತದ, ಹೇಳ್ರಿ?"

ಅಣ್ಣಂದಿರು ಅಂದೇ ಹೊರಟುಹೋದರು.

ಸೈದಾಪುರದ ಡ್ರೈವರ್ ಕೆಲವು ದಿನಗಳಲ್ಲಿ ಬಂದ. ಚಾಚಾ ಗೇಜು ಹಚ್ಚಿದರು. ಗ್ಯಾಸು ಕಡಿಮೆಯಾಗಿತ್ತು. ತುಂಬಿಸಿ ಅವರು ನನ್ನ ಕಡೆ ನೋಡದೆ ಒಳಗೆ ಹೋದರು.

ಆ ಮೇಲೆ ಬಹಳ ವರ್ಷ ನಾನು ಅದೇ ಕೆಲಸ ಮಾಡಿದೆ. ಅತ್ತೆ ಇರುವವರೆಗೆ ಶೆಡ್ಡಿನ ಬಾಗಿಲಲ್ಲಿ ಕೂತು ಬಂದ ಗಿರಾಕಿಗಳಿಗೆ ನೀರು ಕೊಡುತ್ತಿದ್ದಳು, "ಕುಂದರ್ರಿ, ನಮ್ಮಾಕಿ ನೋಡ್ತಾಳ" ಅನ್ನುತ್ತಿದ್ದಳು. ಬೇಸಿಗೆಯ ದಿನಗಳು ನನಗೆ ಹೇಗೋ ಸಾಗುತ್ತಿದ್ದವು. ಒಂದರ ಹಿಂದೆ ಒಂದು ಕಾರು, ಉಣ್ಣಲೂ ಬಿಡುವಿಲ್ಲ. ಸಂಜೆಗೆ ಬೆನ್ನು ನೆಲಕ್ಕೆ ಹತ್ತಿದರೆ ನಿದ್ದೆ. ಕಷ್ಟವಾಗುತ್ತಿದ್ದದ್ದು ಮಳೆಗಾಲ. ಊರವರೆಲ್ಲ ತಂಪಾಯಿತೆಂದು ಸಂತೋಷಪಡುವಾಗ ಎಸಿ ಕೆಲಸಕ್ಕೆಂದು ಯಾರೂ ಬರುತ್ತಿರಲಿಲ್ಲ. ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಪಾನಾಗಳಿಗೆ ಎಣ್ಣೆ ಸವರಿ ಒರೆಸಿ ಇಟ್ಟ ಮೇಲೆ ನನ್ನ ಕೈಗಳಿಗೆ ಮಾಡಲು ಬೇರೇನೂ ಇರುತ್ತಿರಲಿಲ್ಲ. ಅವನ್ನು ಮಡಿಲಲ್ಲಿಟ್ಟುಕೊಂಡು ರಸ್ತೆ ನೋಡುತ್ತ ಕೂತಿರುತ್ತಿದ್ದೆ.